ತಲಾಕ್ ಮತ್ತು ಮರಣದ ನಡುವೆ ಸಿಕ್ಕವಳ ಪಾಲು: ಒಂದು ಆನ್‌ಲೈನ್ ಕಾನೂನು ಸೇವೆಯ ವಿಮರ್ಶೆ

ಮುಸ್ಲಿಂ ಕುಟುಂಬಗಳ ಆಸ್ತಿ ಹಂಚಿಕೆಯ ಲೆಕ್ಕವನ್ನು ಮೊಬೈಲಿನಲ್ಲೇ ಮಾಡಿಕೊಡುವ ಸೇವೆಗಳು ಈಗ ಹಲವಾರು ಬಂದಿವೆ. ತೀರಿಕೊಂಡವರ ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರ ವಿವರ ತುಂಬಿದರೆ ಯಾರಿಗೆ ಎಷ್ಟು ಪಾಲು ಎಂಬುದು ಕ್ಷಣದಲ್ಲಿ ಪರದೆಯ ಮೇಲೆ ಮೂಡುತ್ತದೆ. ಹಣ ಕಟ್ಟಿದರೆ ವಕೀಲರ ಸಹಿಯುಳ್ಳ ಲಿಖಿತ ಅಭಿಪ್ರಾಯ, ಇನ್ನಷ್ಟು ಕಟ್ಟಿದರೆ ದೂರವಾಣಿಯಲ್ಲಿ ಅರ್ಧ ಗಂಟೆಯ ಸಮಾಲೋಚನೆ ದೊರೆಯುತ್ತದೆ. ಅಂಥದ್ದೊಂದು ಸೇವೆಯನ್ನು ನನ್ನ ಚಿಕ್ಕಮ್ಮನ ಮಗಳ ಸಲುವಾಗಿ ನಾವು ಮೂರೂ ಹಂತಗಳಲ್ಲಿ ಬಳಸಿದೆವು. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ನಾನು ಎತ್ತಿ ತೋರಿಸಬೇಕೆಂದಿರುವ ದೋಷ ಅದೊಂದರದ್ದೇ ಅಲ್ಲ. ಆಮೇಲೆ ಪರೀಕ್ಷೆಗೆಂದು ತೆರೆದು ನೋಡಿದ ಉಚಿತ ಕ್ಯಾಲ್ಕುಲೇಟರ್‌ಗಳಲ್ಲೂ ಅದೇ ದೋಷ ಕಂಡಿತು. ಗಂಡ ಕಣ್ಣು ಮುಚ್ಚಿದ ದಿನ ಆ ದಾಂಪತ್ಯ ಕಾನೂನಿನ ಕಣ್ಣಲ್ಲಿ ಯಾವ ಹಂತದಲ್ಲಿತ್ತು ಎಂಬ ಪ್ರಶ್ನೆಯನ್ನು ಇವು ಕೇಳುವುದೇ ಇಲ್ಲ. ತಲಾಕ್ ಮತ್ತು ಸಾವು ಬೆನ್ನುಬೆನ್ನಿಗೆ ಬಂದ ಮನೆಗಳಲ್ಲಿ ಹೆಣ್ಣುಮಗಳ ಪಾಲು ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆ.

ಅವಳ ಒಪ್ಪಿಗೆ ಪಡೆದೇ ಪ್ರಕರಣವನ್ನು ಹೇಳುತ್ತಿದ್ದೇನೆ. ಗಂಡನಿಗೆ ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ, ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ, ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ ಇತ್ತು. ಮೂತ್ರಪಿಂಡದ ತೊಂದರೆಯಿಂದ ಎರಡು ವರ್ಷಕ್ಕೂ ಮೇಲ್ಪಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ. ಮನಸ್ತಾಪ ಬೆಳೆದು ಅವಳು ಮಗಳೊಡನೆ ತವರಿನಲ್ಲಿದ್ದಾಗ ಅವನಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪತ್ರ ಬಂತು. ಅದರಲ್ಲಿ 'ನಿನಗೆ ಒಂದು ತಲಾಕ್ ಕೊಟ್ಟಿರುತ್ತೇನೆ, ಇದ್ದತ್ ಪಾಲಿಸತಕ್ಕದ್ದು' ಎಂದಷ್ಟೇ ಇತ್ತು. ತಲಾಕ್ ಅಥವಾ ಗಂಡನ ಸಾವಿನ ನಂತರ ಹೆಣ್ಣು ಮರುಮದುವೆಯಾಗದೆ ಕಾಯಬೇಕಾದ ಅವಧಿಯೇ ಇದ್ದತ್. ಸುಮಾರು ಆರು ವಾರಗಳ ನಂತರ ಅವನು ಆಸ್ಪತ್ರೆಯಲ್ಲಿ ತೀರಿಕೊಂಡ. ಮಣ್ಣು ಕೊಟ್ಟು ನಲವತ್ತು ದಿನ ಕಳೆಯುವಷ್ಟರಲ್ಲಿ ಅವನ ಅಣ್ಣತಮ್ಮಂದಿರು ಮಾಡಿಸಿದ ವಂಶವೃಕ್ಷದಲ್ಲಿ ತಾಯಿ ಇದ್ದರು, ಮಗಳು ಇದ್ದಳು, ಹೆಂಡತಿಯ ಹೆಸರು ಮಾತ್ರ ಇರಲಿಲ್ಲ.

ಸೇವೆಯ ಅರ್ಜಿ ನಮೂನೆ ನೋಡಲು ಅಚ್ಚುಕಟ್ಟಾಗಿದೆ, ಸಣ್ಣ ಪಟ್ಟಣದ ನೆಟ್‌ವರ್ಕ್‌ನಲ್ಲೂ ಬೇಗ ತೆರೆದುಕೊಳ್ಳುತ್ತದೆ. 'ಪತ್ನಿ' ಎಂಬ ಕಾಲಂನಲ್ಲಿ ಮೂರು ಆಯ್ಕೆಗಳಿವೆ: ಇದ್ದಾರೆ, ಇಲ್ಲ, ವಿಚ್ಛೇದಿತೆ. ಕೈಯಲ್ಲಿ ತಲಾಕಿನ ಪತ್ರ ಹಿಡಿದುಕೊಂಡ ಹೆಣ್ಣುಮಗಳು ಮೂರನೆಯದನ್ನಲ್ಲದೆ ಬೇರೆ ಯಾವುದನ್ನು ಒತ್ತಿಯಾಳು? ಒತ್ತಿದ ಕೂಡಲೇ ಅವಳ ಸಾಲು ಲೆಕ್ಕದಿಂದ ಮಾಯವಾಯಿತು. ಯಾವ ವಿಧದ ತಲಾಕ್, ಯಾವ ದಿನಾಂಕದ್ದು, ಎಷ್ಟು ಬಾರಿ ಹೇಳಲಾಯಿತು, ಇದ್ದತ್ ಮುಗಿದಿತ್ತೇ ಎಂಬ ಒಂದು ಉಪಪ್ರಶ್ನೆಯೂ ಮುಂದೆ ಬರಲಿಲ್ಲ.

ಲೆಕ್ಕದ ಯಂತ್ರ ಮಾತ್ರ ಸರಿಯಾಗಿದೆ, ಅದನ್ನು ಒಪ್ಪಲೇಬೇಕು. ನಾನು ಅದೇ ಕುಟುಂಬವನ್ನು ಹೆಂಡತಿ ಸಹಿತ ಮತ್ತು ಹೆಂಡತಿ ರಹಿತ, ಎರಡೂ ರೀತಿ ತುಂಬಿ ನೋಡಿದೆ. ಹೆಂಡತಿ ಇದ್ದರೆ, ಮಗಳೂ ಇರುವುದರಿಂದ, ಅವಳಿಗೆ ಎಂಟನೆಯ ಒಂದು ಪಾಲು, ಒಬ್ಬಳೇ ಮಗಳಾದ್ದರಿಂದ ಅವಳಿಗೆ ಅರ್ಧ, ತಾಯಿಗೆ ಆರನೆಯ ಒಂದು, ಉಳಿದದ್ದು ಅಣ್ಣತಮ್ಮಂದಿರಿಗೆ. ಸಾಲಸೋಲ ತೀರಿಸಿ 24 ಲಕ್ಷ ಉಳಿದಿದೆ ಎಂದುಕೊಂಡರೆ ಹೆಂಡತಿಗೆ 3, ಮಗಳಿಗೆ 12, ತಾಯಿಗೆ 4, ಅಣ್ಣತಮ್ಮಂದಿರಿಗೆ 5 ಲಕ್ಷ. ಹೆಂಡತಿಯನ್ನು ತೆಗೆದು ನೋಡಿ: ಮಗಳ 12 ಹಾಗೆಯೇ ನಿಲ್ಲುತ್ತದೆ, ತಾಯಿಯ 4 ಹಾಗೆಯೇ ನಿಲ್ಲುತ್ತದೆ, ಅಣ್ಣತಮ್ಮಂದಿರ 5 ಮಾತ್ರ 8 ಆಗುತ್ತದೆ. ವಂಶವೃಕ್ಷದಲ್ಲಿ ಅವಳ ಹೆಸರು ಬಿಟ್ಟುಹೋದದ್ದು ಕೈತಪ್ಪಿನಿಂದಲೋ ಬೇಕೆಂದೋ ಎಂದು ನಾವು ತಲೆ ಕೆಡಿಸಿಕೊಂಡಿದ್ದೆವು. ಈ ಅಂಕಿ ನೋಡಿದ ಮೇಲೆ ಆ ಚರ್ಚೆಯ ಅಗತ್ಯ ಬೀಳಲಿಲ್ಲ. ಮಕ್ಕಳಿಲ್ಲದ ದಂಪತಿಯಾಗಿದ್ದರೆ ಹೆಂಡತಿಯ ಪಾಲು ನಾಲ್ಕನೆಯ ಒಂದಕ್ಕೆ ಏರುತ್ತಿತ್ತು. ಒಬ್ಬನಿಗೆ ಇಬ್ಬರು ಹೆಂಡಿರಿದ್ದರೆ ಆ ಎಂಟನೆಯ ಅಥವಾ ನಾಲ್ಕನೆಯ ಒಂದು ಪಾಲನ್ನೇ ಇಬ್ಬರೂ ಸಮನಾಗಿ ಹಂಚಿಕೊಳ್ಳಬೇಕು. ಇವೆಲ್ಲವನ್ನೂ ಯಂತ್ರ ತಪ್ಪಿಲ್ಲದೆ ಮಾಡುತ್ತದೆ.

ಎರಡನೆಯ ಹಂತದ ಲಿಖಿತ ಅಭಿಪ್ರಾಯಕ್ಕೆ ಹಣ ಕಟ್ಟಿದ್ದು, ಅಲ್ಲಿಯಾದರೂ ಒಬ್ಬ ಮನುಷ್ಯ ಪತ್ರವನ್ನು ಓದಿಯಾನು ಎಂಬ ಆಸೆಯಿಂದ. ಬಂದದ್ದು ಇಂಗ್ಲಿಷಿನಲ್ಲಿದ್ದ ನಾಲ್ಕು ಪುಟ. ಕನ್ನಡದಲ್ಲಿ ಬೇಕಿದ್ದರೆ ಪ್ರತ್ಯೇಕ ಶುಲ್ಕವಂತೆ. ಮನೆಮಾತೇ ಕನ್ನಡವಾಗಿರುವ, ಕನ್ನಡ ಶಾಲೆಯಲ್ಲೇ ಓದಿದ ಒಬ್ಬಳ ಬದುಕಿನ ತೀರ್ಮಾನವನ್ನು ಅವಳಿಗೆ ಓದಲಾಗದ ಭಾಷೆಯಲ್ಲಿ ಕಳಿಸಿ, ಅರ್ಥವಾಗುವಂತೆ ಮಾಡಲು ಮತ್ತೆ ಹಣ ಕೇಳುವುದನ್ನು ನಾನು ಸೇವೆ ಎಂದು ಕರೆಯಲಾರೆ. ನಾನೇ ಓದಿ ಹೇಳಿದೆ. ವರದಿಯ ಒಂದಿಡೀ ಪುಟ ಮರ್ಜ್-ಉಲ್-ಮೌತ್, ಅಂದರೆ ಸಾವಿನ ಭಯ ಹುಟ್ಟಿಸಿ ಕೊನೆಗೆ ಸಾವಿನಲ್ಲೇ ಮುಗಿಯುವ ಕಾಯಿಲೆ, ಅದರ ಚರ್ಚೆಗೆ ಮೀಸಲಾಗಿತ್ತು. ಕಾಯಿಲೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಒಂದೇ ಸ್ಥಿತಿಯಲ್ಲಿ ಎಳೆದರೆ ಅದನ್ನು ಸಾಮಾನ್ಯವಾಗಿ ಮರಣಶಯ್ಯೆಯ ಕಾಯಿಲೆಯೆಂದು ಎಣಿಸುವುದಿಲ್ಲ, ಇಲ್ಲಿ ಎರಡು ವರ್ಷದ ಡಯಾಲಿಸಿಸ್ ಇದೆ, ಆದ್ದರಿಂದ ವಿಚ್ಛೇದಿತೆಗೆ ಪಾಲಿಲ್ಲ, ಎಂಬುದು ಅದರ ತರ್ಕ. ಹಳೆಯ ಗ್ರಂಥಗಳ ಹೆಸರುಗಳೂ ಇದ್ದವು, ಓದಿದವರು ಹೌದೆನ್ನುವಂತಿತ್ತು. ಆದರೆ ಆ ಚರ್ಚೆಯೇ ಇಲ್ಲಿ ಸಲ್ಲುವುದಿಲ್ಲ. ವರದಿ ಬರೆದವರು ಮೊದಲನೆಯ ಪ್ರಶ್ನೆಯನ್ನು ಹಾರಿ ಎರಡನೆಯದಕ್ಕೆ ಉತ್ತರಿಸಿದ್ದರು.

ಮೊದಲನೆಯ ಪ್ರಶ್ನೆ ಇದು: ಆ ತಲಾಕ್ ಮುಗಿದಿತ್ತೇ? ಒಂದೇ ಬಾರಿ ಹೇಳಿ, ಇದ್ದತ್ ಮುಗಿಯುವವರೆಗೆ ಹಿಂತೆಗೆದುಕೊಳ್ಳಲು ಅವಕಾಶವಿರುವ ತಲಾಕನ್ನು ರಜಯೀ ಎನ್ನುತ್ತಾರೆ. ಇದ್ದತ್ ಎಂದರೆ ಸಾಮಾನ್ಯವಾಗಿ ಮೂರು ಋತುಚಕ್ರ, ಮುಟ್ಟು ನಿಂತವರಿಗೆ ಮೂರು ಚಾಂದ್ರಮಾಸ, ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೆ. ಆ ಅವಧಿಯೊಳಗೆ ವಿವಾಹ ಸಂಪೂರ್ಣವಾಗಿ ಕಡಿದಿರುವುದಿಲ್ಲ, ಹಾಗಾಗಿ ಇಬ್ಬರಲ್ಲಿ ಯಾರು ತೀರಿಕೊಂಡರೂ ಇನ್ನೊಬ್ಬರು ವಾರಸುದಾರರೇ. ಈ ವಿಷಯದಲ್ಲಿ ಸುನ್ನಿಗಳೊಳಗಿನ ಹನಫಿ, ಶಾಫಿ ಪಂಥಗಳು, ಶಿಯಾ ಎಂಬ ಭೇದವಿಲ್ಲ, ಗಂಡ ಆರೋಗ್ಯವಾಗಿದ್ದನೋ ಹಾಸಿಗೆ ಹಿಡಿದಿದ್ದನೋ ಎಂಬ ಭೇದವೂ ಇಲ್ಲ. ಆರು ವಾರದಲ್ಲಿ ಮೂರು ಋತುಚಕ್ರ ಮುಗಿದಿರಲಿಲ್ಲ. ಅವಳು ವಿಚ್ಛೇದಿತೆಯಲ್ಲ, ವಿಧವೆ. ತಲಾಕಿನ ಇದ್ದತ್ ಅಲ್ಲಿಗೇ ನಿಂತು, ಗಂಡ ತೀರಿದ ದಿನದಿಂದ ನಾಲ್ಕು ತಿಂಗಳು ಹತ್ತು ದಿನಗಳ ಹೊಸ ಇದ್ದತ್ ಅವಳಿಗೆ ಆರಂಭವಾಯಿತು. ಅವಳು ಅದನ್ನೇ ಪಾಲಿಸಿದಳು ಕೂಡ. ತಲಾಕ್ ಮುಗಿದಿತ್ತು ಎಂದು ಈಗ ವಾದಿಸುವ ಅತ್ತೆಮನೆಯವರೇ ಆಗ ಆ ಲೆಕ್ಕ ಕೊಟ್ಟು ಫೋನಿನಲ್ಲಿ ತಾಕೀತು ಮಾಡಿದ್ದರು ಎಂಬುದನ್ನು ಆವರಣದಲ್ಲಿ ಹೇಳಿಬಿಡುತ್ತೇನೆ.

ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದರೆ, ಆ ಒಂದು ತಲಾಕಾದರೂ ಸಿಂಧುವೇ ಎಂಬ ಪ್ರಶ್ನೆಯಿದೆ. 2002ರ ಶಮೀಮ್ ಆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಲಾಕಿಗೆ ಸಮಂಜಸವಾದ ಕಾರಣವಿರಬೇಕು, ಅದಕ್ಕೆ ಮೊದಲು ಎರಡೂ ಕಡೆಯ ಹಿರಿಯರ ಮೂಲಕ ರಾಜಿಗೆ ಪ್ರಯತ್ನ ನಡೆದಿರಬೇಕು ಎಂದಿತು. ಹಿಂದೆಂದೋ ತಲಾಕ್ ಕೊಟ್ಟಾಗಿದೆ ಎಂದು ಕೋರ್ಟಿನ ಕಾಗದದಲ್ಲಿ ಬರೆದ ಮಾತ್ರಕ್ಕೆ ಅದು ತಲಾಕ್ ಆಗುವುದಿಲ್ಲ, ಕೊಟ್ಟದ್ದನ್ನು ರುಜುವಾತು ಮಾಡಬೇಕು ಎಂದೂ ಹೇಳಿತು. ನಮ್ಮ ಪ್ರಕರಣದಲ್ಲಿ ಇದು ಬಹಳ ಮುಖ್ಯ, ಏಕೆಂದರೆ ಅಣ್ಣತಮ್ಮಂದಿರು ಈಗ 'ಪತ್ರಕ್ಕೆ ಒಂದು ವರ್ಷ ಮೊದಲೇ ಬಾಯಿಮಾತಿನಲ್ಲಿ ತಲಾಕ್ ಆಗಿತ್ತು, ಪತ್ರ ಬರೀ ದಾಖಲೆಗೆ' ಎಂಬ ಹೊಸ ಕತೆ ತೆಗೆದಿದ್ದಾರೆ. ಆಗಿತ್ತು ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಪತ್ರದ ತಲಾಕ್ ಅಸಿಂಧುವಾದರೂ ಅವಳು ಹೆಂಡತಿ, ಸಿಂಧುವಾದರೂ ಇದ್ದತ್ತಿನೊಳಗಿನ ಹೆಂಡತಿ. ಯಾವ ದಾರಿಯಲ್ಲಿ ಹೋದರೂ ಎಂಟನೆಯ ಒಂದು ಪಾಲು ಅವಳದೇ. ಹಣ ಪಡೆದು ಬರೆದ ನಾಲ್ಕು ಪುಟಗಳಲ್ಲಿ ಈ ಒಂದು ವಾಕ್ಯವಿರಲಿಲ್ಲ.

ಪತ್ರದಲ್ಲಿ ಮೂರು ತಲಾಕ್ ಇದ್ದಿದ್ದರೆ ಏನಾಗುತ್ತಿತ್ತು ಎಂದು ಕುತೂಹಲಕ್ಕೆ ಸೇವೆಯ ಚಾಟ್ ಸಹಾಯಕನನ್ನು ಕೇಳಿದೆ. 'ಮೂರು ತಲಾಕ್ ಆದರೆ ವಿವಾಹ ತಕ್ಷಣ ಮುಗಿಯುತ್ತದೆ, ಪಾಲಿಲ್ಲ' ಎಂಬ ಉತ್ತರ ಬಂತು. ಇದು ಬರೀ ಅಪೂರ್ಣವಲ್ಲ, ಶುದ್ಧ ತಪ್ಪು. 2017ರ ಆಗಸ್ಟ್ 22ರಂದು ಶಾಯರಾ ಬಾನೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಮೂರಕ್ಕೆ ಎರಡರ ಬಹುಮತದಿಂದ, ಒಮ್ಮೆಲೇ ಮೂರು ತಲಾಕ್ ಹೇಳುವ ತಲಾಕ್-ಎ-ಬಿದ್ದತ್ ಪದ್ಧತಿಯನ್ನು ರದ್ದು ಮಾಡಿತು. 2019ರ ಕಾಯ್ದೆ ಬಾಯಿಮಾತಿನದ್ದಾಗಲಿ, ಬರವಣಿಗೆಯದ್ದಾಗಲಿ, ಮೊಬೈಲ್ ಸಂದೇಶದ್ದಾಗಲಿ, ಅಂಥ ದಿಢೀರ್ ತಲಾಕನ್ನು ಅನೂರ್ಜಿತವೆಂದು ಘೋಷಿಸಿ ಮೂರು ವರ್ಷದವರೆಗಿನ ಜೈಲುಶಿಕ್ಷೆಯನ್ನೂ ಇಟ್ಟಿತು, ಮತ್ತು 2018ರ ಸೆಪ್ಟೆಂಬರ್ 19ರಿಂದಲೇ ಜಾರಿಗೆ ಬಂದಂತೆ ಮಾಡಿತು. ಜೈಲಿನ ವಿಷಯ ಎಲ್ಲರಿಗೂ ಗೊತ್ತು; ವಾರಸಿನ ಮೇಲೆ ಅದರ ಪರಿಣಾಮವೇನು ಎಂಬುದನ್ನು ಯೋಚಿಸಿದವರು ಕಡಿಮೆ. ವಾಟ್ಸ್ಆ್ಯಪಿನಲ್ಲಿ ಮೂರು ಬಾರಿ ತಲಾಕ್ ಬರೆದು ಕಳಿಸಿದವನು ಮರುವಾರ ಅಪಘಾತದಲ್ಲಿ ತೀರಿಕೊಂಡರೆ, ಆ ಸಂದೇಶಕ್ಕೆ ಬೆಲೆಯಿಲ್ಲದ ಕಾರಣ, ಅವಳು ಅವನ ಹೆಂಡತಿಯಾಗಿಯೇ ಉಳಿದಿದ್ದು ವಿಧವೆಯ ಪಾಲಿಗೆ ಹಕ್ಕುದಾರಳಾಗುತ್ತಾಳೆ.

ಹಾಗಾದರೆ ಮರ್ಜ್-ಉಲ್-ಮೌತ್‌ನ ಆ ಒಂದು ಪುಟ ಯಾರಿಗೆ ಬೇಕು? ಹಿಂತೆಗೆದುಕೊಳ್ಳಲಾಗದ, ಬಾಯಿನ್ ಎನ್ನುವ ತಲಾಕ್ ಆಗಿದ್ದಾಗ ಬೇಕು. ಉದಾಹರಣೆಗೆ, ತಿಂಗಳಿಗೊಂದರಂತೆ ಮೂರು ಶುದ್ಧಿಕಾಲಗಳಲ್ಲಿ, ಅಂದರೆ ಮುಟ್ಟಿಲ್ಲದ ದಿನಗಳಲ್ಲಿ, ಕ್ರಮವಾಗಿ ಹೇಳುವ ಹಸನ್ ತಲಾಕಿನ ಮೂರನೆಯ ಮಾತನ್ನು ಗಂಡ ಆಸ್ಪತ್ರೆಯ ಹಾಸಿಗೆಯಿಂದ ಹೇಳಿ, ಇದ್ದತ್ತಿನೊಳಗೆ ಸತ್ತರೆ? ಸಾಮಾನ್ಯವಾಗಿ ಬಾಯಿನ್ ತಲಾಕ್ ಆದ ಕ್ಷಣದಿಂದ ವಾರಸಿನ ಸಂಬಂಧ ಮುಗಿಯುತ್ತದೆ. ಆದರೆ ಸಾಯುವ ಮುನ್ನ ಹೆಂಡತಿಯ ಪಾಲು ತಪ್ಪಿಸಲು ತಲಾಕ್ ಕೊಟ್ಟು ಪಾರಾಗುವ ಗಂಡನನ್ನು ಹಳೆಯ ನ್ಯಾಯಶಾಸ್ತ್ರಜ್ಞರು 'ಪಲಾಯನ ಮಾಡಿದವನು' ಎಂದೇ ಕರೆದು, ಅವನ ತಂತ್ರ ಫಲಿಸದಂತೆ ನೋಡಿಕೊಂಡರು. ಪ್ರವಾದಿಯವರ ಅನುಚರರಲ್ಲಿ ಒಬ್ಬರಾದ ಅಬ್ದುರ್ರಹ್ಮಾನ್ ಬಿನ್ ಔಫ್ ಕೊನೆಯ ಕಾಯಿಲೆಯಲ್ಲಿ ಪತ್ನಿ ತುಮಾದಿರ್ ಅವರಿಗೆ ತಲಾಕ್ ಕೊಟ್ಟಿದ್ದರೂ ಖಲೀಫ ಉಸ್ಮಾನರು ಆಕೆಗೆ ಪಾಲು ಕೊಡಿಸಿದ ಪ್ರಸಂಗವೇ ಇದಕ್ಕೆ ಆಧಾರ. ಹನಫಿ ಪಂಥದಲ್ಲಿ, ಹೆಂಡತಿ ತಾನಾಗಿ ಕೇಳದೆ ಅಂಥ ತಲಾಕ್ ಬಂದಿದ್ದು ಗಂಡ ಇದ್ದತ್ತಿನೊಳಗೆ ತೀರಿದರೆ ಅವಳಿಗೆ ಪಾಲಿದೆ. ಅವಳೇ ಮೊದಲು ತೀರಿದರೆ ಅವನಿಗೆ ಇಲ್ಲ. ಶಿಯಾ ಕಾನೂನಿನಲ್ಲಿ ಈ ಅವಧಿ ತಲಾಕಿನಿಂದ ಒಂದು ವರ್ಷದವರೆಗೆ ಚಾಚಿಕೊಳ್ಳುತ್ತದೆ, ಅವನು ಅದೇ ಕಾಯಿಲೆಯಿಂದ ತೀರಿರಬೇಕು ಮತ್ತು ಅವಳು ಮರುಮದುವೆಯಾಗಿರಬಾರದು. ಶಾಫಿ ಪಂಥದ ಪ್ರಬಲ ಅಭಿಪ್ರಾಯದಲ್ಲಿ ಬಾಯಿನ್ ತಲಾಕಿನ ನಂತರ ಪಾಲೇ ಇಲ್ಲ.

ಈ ಭೇದ ಕರ್ನಾಟಕದಲ್ಲಿ ಪುಸ್ತಕದ ಮಾತಲ್ಲ. ಹುಬ್ಬಳ್ಳಿ, ಕಲಬುರಗಿ, ಮೈಸೂರು ಕಡೆಯ ಸುನ್ನಿಗಳು ಬಹುಮಟ್ಟಿಗೆ ಹನಫಿಗಳು. ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಶಾಫಿಗಳು. ಒಂದೇ ರಾಜ್ಯದ ಎರಡು ಊರುಗಳಲ್ಲಿ, ಒಂದೇ ರೀತಿಯ ತಲಾಕಿಗೆ, ಎರಡು ಉತ್ತರ ಬರಬಹುದು. ಅರ್ಜಿ ನಮೂನೆಯಲ್ಲಿ 'ಸುನ್ನಿ ಅಥವಾ ಶಿಯಾ' ಎಂದು ಕೇಳುತ್ತಾರೆ, ಸುನ್ನಿಗಳೊಳಗೆ ಯಾವ ಪಂಥ ಎಂದು ಕೇಳುವುದಿಲ್ಲ. ಮಂಗಳೂರಿನ ಒಂದು ಮನೆಗೆ ಹನಫಿ ಲೆಕ್ಕ ಹಾಕಿಕೊಟ್ಟರೆ ಅದು ಸಲಹೆಯಾಗುವುದಿಲ್ಲ, ಜಗಳಕ್ಕೆ ಬೀಜವಾಗುತ್ತದೆ.

ಇನ್ನು ಮೂರನೆಯ ಹಂತ, ದೂರವಾಣಿ ಸಮಾಲೋಚನೆ. ಇಲ್ಲಿ ನನ್ನ ದೂರುಗಳೆಲ್ಲ ಅರ್ಧಕ್ಕೆ ನಿಲ್ಲುತ್ತವೆ. ಕರೆ ಮಾಡಿದ ವಕೀಲರು ಕನ್ನಡದವರು, ವಯಸ್ಸಾದವರೆಂದು ದನಿಯಿಂದ ತಿಳಿಯುತ್ತಿತ್ತು. ಕಷ್ಟಸುಖ ವಿಚಾರಿಸುವ ಮೊದಲೇ, 'ತಂಗೀ, ಪತ್ರ ಎದುರಿಗಿದ್ದರೆ ಅದರಲ್ಲಿ ಇದ್ದ ಹಾಗೇ ಓದು' ಎಂದರು. ಅವಳು ಓದಿದಳು. 'ಒಂದು ಅಂತಿದೆಯೋ, ಮೂರು ಅಂತಿದೆಯೋ?' ಎಂದು ಮತ್ತೊಮ್ಮೆ ಕೇಳಿದರು. ಪತ್ರದ ತಾರೀಖು, ಅದು ಕೈಸೇರಿದ ತಾರೀಖು, ಗಂಡ ತೀರಿದ ತಾರೀಖು, ನಡುವೆ ಎಷ್ಟು ಬಾರಿ ಮುಟ್ಟಾಯಿತು ಎಂಬುದನ್ನು ಸಂಕೋಚವಾಗದಂತೆ ಕೇಳಿ ಬರೆದುಕೊಂಡರು. 'ಹಾಗಿದ್ದರೆ ನೀನು ವಿಧವೆಯಮ್ಮಾ, ವಿಚ್ಛೇದಿತೆಯಲ್ಲ. ಅಂಚೆಯ ಲಕೋಟೆಯನ್ನು ಜೋಪಾನ ಮಾಡು' ಎಂದರು. ಒಳ್ಳೆಯ ವಕೀಲರು ಈ ಸೇವೆಯೊಳಗೇ ಇದ್ದಾರೆ ಎಂಬುದು ಇದರಿಂದ ತಿಳಿಯಿತು. ಅವರು ಕೇಳಿದ ಪ್ರಶ್ನೆಗಳನ್ನೇ ನಮೂನೆಯಲ್ಲಿ ಮುದ್ರಿಸಲು ಸಂಸ್ಥೆಗೆ ಏನು ಅಡ್ಡಿಯೋ ತಿಳಿಯದು. ಲಿಖಿತ ವರದಿಯನ್ನು ತಿದ್ದಿಕೊಡಿ ಎಂದು ಕೇಳಿದ್ದಕ್ಕೆ, ಅದು ನಾವು ತುಂಬಿದ ವಿವರಗಳ ಮೇಲೆ ತಯಾರಾದದ್ದು, ಹೊಸ ವರದಿಗೆ ಹೊಸ ಶುಲ್ಕ ಎಂಬ ಉತ್ತರ ಬಂತು. ತಪ್ಪು ಅಭಿಪ್ರಾಯಕ್ಕೆ ಸಹಿ, ಸೀಲು ಎರಡೂ ಇವೆ. ಸರಿಯಾದದ್ದು ಬರೀ ಬಾಯಿಮಾತಿನಲ್ಲಿ ಉಳಿಯಿತು.

ಅದೇ ಕರೆಯಲ್ಲಿ ಅವರು ಬೇರೆ ಸಂಧಿಕಾಲಗಳ ಬಗೆಗೂ ಚುಟುಕಾಗಿ ಹೇಳಿದರು, ಬೇಕಾದವರಿಗೆ ಇರಲಿ ಎಂದು ಬರೆಯುತ್ತೇನೆ. ಹೆಂಡತಿಯೇ ಬಯಸಿ ಪಡೆದ ಖುಲಾ ಅಥವಾ ಇಬ್ಬರೂ ಒಪ್ಪಿದ ಮುಬಾರಾತ್ ಎಂಬ ವಿಚ್ಛೇದನ ಪೂರ್ಣಗೊಂಡಿದ್ದರೆ, ಗಂಡ ಕಾಯಿಲೆಯಲ್ಲಿದ್ದರೂ, ಇದ್ದತ್ತಿನಲ್ಲೇ ತೀರಿದರೂ, ಅವಳಿಗೆ ಪಾಲಿಲ್ಲ. ಖುಲಾ ಕೇಳಿದ್ದು ಅವನು ಇನ್ನೂ ಒಪ್ಪದಿದ್ದರೆ ಏನೂ ಆಗಿಲ್ಲವೆಂದೇ ಅರ್ಥ. 1939ರ ಕಾಯ್ದೆಯಡಿ ಅವಳು ಹೂಡಿದ ವಿಚ್ಛೇದನದ ದಾವೆ ನಡೆಯುತ್ತಿರುವಾಗಲೇ ಗಂಡ ತೀರಿಕೊಂಡರೆ ದಾವೆ ಅಲ್ಲಿಗೆ ಮುಗಿಯುತ್ತದೆ, ಅವಳು ವಿಧವೆ. ದಾವೆ ಹೂಡಿದ್ದನ್ನೇ ತೋರಿಸಿ ಪಾಲು ನಿರಾಕರಿಸುವಂತಿಲ್ಲ. ಮದುವೆಯಾಗಿ ಕೂಡಿಬಾಳುವ ಮುನ್ನವೇ ತಲಾಕ್ ಆದರೆ ಇದ್ದತ್ತೂ ಇಲ್ಲ, ವಾರಸೂ ಇಲ್ಲ, ಗೊತ್ತುಮಾಡಿದ ಮಹರಿನಲ್ಲಿ, ಅಂದರೆ ಮದುವೆಯ ಕಾರಣ ಗಂಡ ಹೆಂಡತಿಗೆ ಕೊಡಬೇಕಾದ ಹಣದಲ್ಲಿ, ಅರ್ಧ ಮಾತ್ರ; ಅದೇ ಹಂತದಲ್ಲಿ ತಲಾಕಿನ ಬದಲು ಸಾವು ಬಂದರೆ ಪೂರ್ತಿ ಮಹರೂ ಉಂಟು, ಪಾಲೂ ಉಂಟು.

ಮಹರ್ ಎಂಬ ಶಬ್ದವೇ ಲಿಖಿತ ವರದಿಯಲ್ಲಿ ಇರಲಿಲ್ಲ, ಇದು ನನ್ನ ಮಟ್ಟಿಗೆ ಅದರ ಎರಡನೆಯ ದೊಡ್ಡ ಲೋಪ. ಕೊಡದೆ ಉಳಿದ ಮಹರ್ ಗಂಡನ ಮೇಲಿನ ಸಾಲ. ಅಂತ್ಯಕ್ರಿಯೆಯ ವೆಚ್ಚ ಕಳೆದು, ಬೇರೆ ಸಾಲಗಳ ಜೊತೆಗೆ ಅದನ್ನೂ ತೀರಿಸಿದ ಮೇಲೆ ವಾರಸುದಾರರ ಪಾಲಿನ ಮಾತು. ಅವಳನ್ನು ವಿಧವೆ ಎಂದರೂ ವಿಚ್ಛೇದಿತೆ ಎಂದರೂ ಈ ಸಾಲ ಸಲ್ಲಲೇಬೇಕು. ಮರಣದಿಂದಲೋ ತಲಾಕಿನಿಂದಲೋ ಮದುವೆ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು ಎಂಬುದಷ್ಟೇ ನಿಬಂಧನೆ. ಗಂಡನ ಮನೆಯನ್ನು ಬಲಪ್ರಯೋಗವಿಲ್ಲದೆ, ನ್ಯಾಯವಾಗಿ ಸ್ವಾಧೀನದಲ್ಲಿ ಇಟ್ಟುಕೊಂಡಿರುವ ವಿಧವೆ ಮಹರ್ ತೀರುವವರೆಗೆ ಅದನ್ನು ಬಿಟ್ಟುಕೊಡದೆ ಇರಬಹುದು, ಆದರೆ ಅದು ಅವಳ ಒಡೆತನವಾಗುವುದಿಲ್ಲ, ಇತರರಿಗೆ ಪರಭಾರೆ ಮಾಡುವಂತಿಲ್ಲ ಎಂದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1924ರಲ್ಲೇ ಮೈನಾ ಬೀಬಿ ಪ್ರಕರಣದಲ್ಲಿ ಹೇಳಿದೆ. ನಮ್ಮವಳು ತವರಿಗೆ ಬಂದಿದ್ದರಿಂದ ಆ ಅನುಕೂಲ ಕೈತಪ್ಪಿತು. ಬಾಗಿಲಿಗೆ ಬೇರೆ ಬೀಗ ಬಿದ್ದಾಗಿದೆ.

ಕೊನೆಗೆ ಕೆಲಸ ಮುಂದುವರಿದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ನೇಮಿಸಿಕೊಡುತ್ತಾರೆ. ನ್ಯಾಯಾಲಯದ ಆವರಣದಲ್ಲೇ ಕಚೇರಿ ಇರುತ್ತದೆ, ಸಹಾಯವಾಣಿ 15100. ಈ ಮಾತನ್ನು ಯಾವ ಹಣದ ಸೇವೆಯೂ ತನ್ನ ಮುಖಪುಟದಲ್ಲಿ ಹೇಳಲಾರದು, ಆದ್ದರಿಂದ ನಾನು ಹೇಳುತ್ತಿದ್ದೇನೆ. ನಮಗೆ ಸಿಕ್ಕ ವಕೀಲರು ಮೊದಲು ಖಾತೆ ಬದಲಾವಣೆಗೆ ತಕರಾರು ಅರ್ಜಿ ಹಾಕಿಸಿದರು. ಖಾತೆ ಯಾರ ಹೆಸರಿಗೆ ಹೋದರೂ ಅದರಿಂದ ಒಡೆತನ ಹುಟ್ಟುವುದಿಲ್ಲ, ಅಳಿಯುವುದೂ ಇಲ್ಲ. ಆದರೆ ಮಾರಾಟಕ್ಕೆ ಅದು ದಾರಿ ಮಾಡಿಕೊಡುತ್ತದೆ. ಠೇವಣಿಗೆ ಅಣ್ಣನೇ ನಾಮಿನಿಯಾಗಿದ್ದಾನೆ. ಬ್ಯಾಂಕು ಅವನ ಕೈಗೆ ಕೊಟ್ಟರೂ ಅವನು ಅದನ್ನು ವಾರಸುದಾರರ ಪರವಾಗಿ ಪಡೆದಂತೆಯೇ ಹೊರತು ಅದು ಅವನದಾಗುವುದಿಲ್ಲ. ಮನೆ ಮತ್ತು ಅಂಗಡಿಯ ಪಾಲಿಗೆ ದಾವೆ ದಾಖಲಾಗಿದೆ, ಪರಭಾರೆಗೆ ಮಧ್ಯಂತರ ತಡೆಯಾಜ್ಞೆ ಕೇಳಲಾಗಿದೆ.

ಎಲ್ಲರೂ ಕೂಡಿ ಬಾಳಿ, ತಕರಾರಿಲ್ಲದೆ ಹಂಚಿಕೊಳ್ಳುವ ಮನೆಯವರಾದರೆ ಈ ಸೇವೆಯ ಉಚಿತ ಕ್ಯಾಲ್ಕುಲೇಟರ್ ಸಾಕು. ನಡುವೆ ತಲಾಕಿನ ಮಾತು ಬಂದು ಹೋಗಿದ್ದರೆ ಲಿಖಿತ ವರದಿಗೆ ದುಡ್ಡು ಸುರಿಯದೆ ನೇರವಾಗಿ ದೂರವಾಣಿ ಸಮಾಲೋಚನೆಯನ್ನೇ ತೆಗೆದುಕೊಳ್ಳಿ. ಕರೆಗೆ ಮುಂಚೆ ನಿಕಾಹ್‌ನಾಮಾ, ತಲಾಕಿನ ಪತ್ರ ಅಥವಾ ಸಂದೇಶದ ಸ್ಕ್ರೀನ್‌ಶಾಟ್, ಅಂಚೆಯ ಲಕೋಟೆ, ಆಸ್ಪತ್ರೆಯ ಚೀಟಿಗಳು, ಮರಣ ಪ್ರಮಾಣಪತ್ರ ಇವಿಷ್ಟನ್ನು ತಾರೀಖಿನ ಕ್ರಮದಲ್ಲಿ ಎದುರಿಗಿಟ್ಟುಕೊಳ್ಳಿ, ನಿಮ್ಮ ಮನೆತನ ಹನಫಿಯೋ ಶಾಫಿಯೋ ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ, ಮತ್ತು ಅವರು ಕೊಟ್ಟ ಉತ್ತರವನ್ನು ಇಮೇಲಿನಲ್ಲಿ ಬರೆದು ಕಳಿಸುವಂತೆ ಕರೆ ಮುಗಿಯುವ ಮುನ್ನವೇ ಒಪ್ಪಿಸಿಕೊಳ್ಳಿ.